ಗುರಾಣಿಯ ಗುರುತು, ಹೆಸರಿನ ಸಾಕ್ಷ್ಯ

ಹನ್ನೆರಡನೆಯ ಶತಮಾನದ ನಡುಭಾಗದಲ್ಲಿ ವಾಯವ್ಯ ಯುರೋಪಿನ ಯೋಧವರ್ಗದಲ್ಲಿ ಒಂದು ಹೊಸ ಪದ್ಧತಿ ಬೇರೂರಿತು. ಕುದುರೆ ಏರಿ ಕಾದುವ ನೈಟ್‌ಗಳು ತಮ್ಮ ಗುರಾಣಿಯ ಮೇಲೆ ಗೊತ್ತಾದ ಬಣ್ಣ ಮತ್ತು ಆಕೃತಿಯ ಚಿತ್ರ ಬರೆಸಿ, ಜೀವಮಾನವಿಡೀ ಅದನ್ನೇ ಬಳಸಿ, ಮಕ್ಕಳಿಗೂ ಬಿಟ್ಟುಹೋಗತೊಡಗಿದರು. ಗುರಾಣಿಗೆ ಬಣ್ಣ ಬಳಿಯುವುದು ಹಳೆಯ ರೂಢಿಯೇ. ಆದರೆ ಒಂದು ಚಿತ್ರ ಒಬ್ಬನಿಗೇ ಸೇರಿದ್ದು, ಅದು ತಂದೆಯಿಂದ ಮಕ್ಕಳಿಗೆ ಇಳಿಯುವ ಸ್ವತ್ತು ಎಂಬ ಕಲ್ಪನೆ ಆಗ ಮೂಡಿತು. ಕುಲಲಾಂಛನ ಎಂದು ಇಂದು ಕರೆಯುವುದು ಇದನ್ನೇ.

ಇದರ ಮೊದಲ ಗಟ್ಟಿ ಸಾಕ್ಷ್ಯಗಳಲ್ಲಿ ಒಂದು ಫ್ರಾನ್ಸಿನ ಲ ಮಾನ್ ನಗರದಲ್ಲಿದೆ. 1151ರಲ್ಲಿ ತೀರಿಕೊಂಡ ಆಂಜೂ ಪ್ರಾಂತದ ದೊರೆ ಜೆಫ್ರಿಯ ಸಮಾಧಿಗಾಗಿ ಮಾಡಿಸಿದ ಎನಾಮಲ್ ಫಲಕದಲ್ಲಿ ಅವನು ನೀಲಿ ನೆಲದ ಮೇಲೆ ಚಿನ್ನದ ಸಿಂಹಗಳಿರುವ ಉದ್ದನೆಯ ಗುರಾಣಿ ಹಿಡಿದು ನಿಂತಿದ್ದಾನೆ. 1226ರಲ್ಲಿ ಮಡಿದ ಅವನ ಮೊಮ್ಮಗ ವಿಲಿಯಂ ಲಾಂಗ್‌ಸ್ಪೀಯ ಸಮಾಧಿ ಇಂಗ್ಲೆಂಡಿನ ಸಾಲ್ಸ್‌ಬರಿ ಕೆಥೆಡ್ರಲ್‌ನಲ್ಲಿದ್ದು, ಅಲ್ಲಿನ ಶಿಲ್ಪದ ಗುರಾಣಿಯ ಮೇಲೂ ಅದೇ ಸಿಂಹಗಳಿವೆ. ಅಜ್ಜನ ಗುರುತು ಮೊಮ್ಮಗನವರೆಗೆ ಬಂದದ್ದು ಈ ಎರಡು ಸಮಾಧಿಗಳನ್ನು ಜೊತೆಗಿಟ್ಟು ನೋಡಿದರೆ ಕಣ್ಣಿಗೇ ಕಾಣುತ್ತದೆ.

ಲಾಂಛನ ಒಬ್ಬರ ಸ್ವತ್ತಾದ ಮೇಲೆ ಅದು ಯಾರದು ಎಂದು ಪರಿಶೀಲಿಸುವವರೂ ಬೇಕಾದರು. ಈ ಪರಿಶೀಲನೆಯ ಕೆಲಸಕ್ಕೆ ಏಳು ಶತಮಾನಗಳ ಇತಿಹಾಸವಿದೆ. ಅರಸರ ಹೆರಾಲ್ಡ್‌ಗಳಿಂದ ಶುರುವಾಗಿ ಅದು ಇಂದು ಮಧ್ಯಯುಗದ ಬದುಕನ್ನು ಮರುಸೃಷ್ಟಿಸುವ ಹವ್ಯಾಸಿಗಳ ಸಂಘಗಳವರೆಗೆ ಬಂದಿದೆ.

ಹೆರಾಲ್ಡ್‌ಗಳು ಮತ್ತು ಅವರ ನಿಯಮಗಳು

ಹೆರಾಲ್ಡ್‌ಗಳು ಮೊದಲಿಗೆ ಕಾಳಗದ ಪಂದ್ಯಗಳಾದ ಟೂರ್ನಮೆಂಟ್‌ಗಳಲ್ಲಿ ಘೋಷಣೆ ಕೂಗುವವರಾಗಿದ್ದರು. ಮುಖ ಮುಚ್ಚುವ ಶಿರಸ್ತ್ರಾಣ ತೊಟ್ಟು ಕಣಕ್ಕಿಳಿದವನು ಯಾರು ಎಂದು ಗುರಾಣಿ ನೋಡಿ ಹೇಳುವುದು ಅವರ ಕಸುಬು. ನೂರಾರು ಲಾಂಛನಗಳನ್ನು ನೆನಪಿನಲ್ಲಿ ಇಟ್ಟುಕೊಳ್ಳುವುದು ಸಾಧ್ಯವಾಗದೆ, ಹದಿಮೂರನೆಯ ಶತಮಾನದಿಂದ ಚರ್ಮದ ಸುರುಳಿಗಳಲ್ಲಿ ಅವುಗಳ ಪಟ್ಟಿ ಮಾಡುವ ರೂಢಿ ಬಂತು. ಹದಿನಾಲ್ಕನೆಯ ಶತಮಾನದ ಕೊನೆಯಲ್ಲಿ ಗೆಲ್ಡರ್ಸ್ ಪ್ರಾಂತದ ಹೆರಾಲ್ಡ್ ಒಬ್ಬ ಸಿದ್ಧಪಡಿಸಿದ, 'ಗೆಲ್ರೆ' ಲಾಂಛನ ಸಂಪುಟವೆಂದು ಹೆಸರಾದ ಹಸ್ತಪ್ರತಿಯಲ್ಲಿ ಯುರೋಪಿನ ನಾನಾ ಭಾಗಗಳ ಸುಮಾರು 1,700 ಲಾಂಛನಗಳಿವೆ. ಅದು ಈಗ ಬ್ರಸೆಲ್ಸ್‌ನ ರಾಜ ಗ್ರಂಥಾಲಯದಲ್ಲಿದೆ.

ಚಿತ್ರವಿಲ್ಲದೆ ಮಾತಿನಲ್ಲೇ ಲಾಂಛನವನ್ನು ನಿಖರವಾಗಿ ವರ್ಣಿಸುವ ಶೈಲಿಯನ್ನೂ ಹೆರಾಲ್ಡ್‌ಗಳು ಬೆಳೆಸಿದರು. ಮೊದಲು ನೆಲದ ಬಣ್ಣ, ಆಮೇಲೆ ಮುಖ್ಯ ಆಕೃತಿ, ಅದರ ಭಂಗಿ, ಅದರ ಬಣ್ಣ, ಕೊನೆಗೆ ಅಂಚು ಮತ್ತು ಉಪ ಆಕೃತಿಗಳು, ಹೀಗೆ ವರ್ಣನೆಗೆ ಕ್ರಮವಿದೆ. ಬಣ್ಣಗಳನ್ನು ಎರಡು ಗುಂಪು ಮಾಡಲಾಗಿದೆ. ಹಳದಿಯಾಗಿ ಬಳಿಯುವ ಚಿನ್ನ ಮತ್ತು ಬಿಳಿಯಾಗಿ ಬಳಿಯುವ ಬೆಳ್ಳಿ ಲೋಹಗಳು. ಕೆಂಪು, ನೀಲಿ, ಕಪ್ಪು, ಹಸಿರು, ನೇರಳೆ ಬಣ್ಣಗಳು. ಲೋಹದ ಮೇಲೆ ಲೋಹ ಬೇಡ, ಬಣ್ಣದ ಮೇಲೆ ಬಣ್ಣ ಬೇಡ ಎಂಬುದು ಮೂಲ ನಿಯಮ. ಧೂಳು ತುಂಬಿದ ಮೈದಾನದಲ್ಲಿ ದೂರದಿಂದ ಗುರುತು ಹಿಡಿಯಬೇಕಾದವರಿಗೆ ಇದರಿಂದ ಅನುಕೂಲವಿತ್ತು. ಬೆಳ್ಳಿಯ ನೆಲದ ಮೇಲೆ ಚಿನ್ನದ ಶಿಲುಬೆಗಳಿದ್ದ ಜೆರುಸಲೇಮ್ ರಾಜ್ಯದ ಲಾಂಛನ ಈ ನಿಯಮಕ್ಕೆ ಹೊರತಾದ ಪ್ರಸಿದ್ಧ ಉದಾಹರಣೆ.

ಲಾಂಛನ ಧರಿಸುವ ಹಕ್ಕು ಯಾರಿಗಿದೆ ಎಂಬ ಪ್ರಶ್ನೆಯನ್ನು ಶಾಸ್ತ್ರೀಯವಾಗಿ ಚರ್ಚಿಸಿದ ಮೊದಲಿಗರಲ್ಲಿ ಇಟಲಿಯ ನ್ಯಾಯಶಾಸ್ತ್ರಜ್ಞ ಸಾಸ್ಸೊಫೆರಾಟೊದ ಬಾರ್ತೊಲೊ ಒಬ್ಬ. 1357ರಲ್ಲಿ ತೀರಿಕೊಂಡ ಅವನ ಪ್ರಕಾರ, ಹೆಸರನ್ನು ಇಟ್ಟುಕೊಳ್ಳುವಂತೆ ಲಾಂಛನವನ್ನೂ ಯಾರು ಬೇಕಾದರೂ ಇಟ್ಟುಕೊಳ್ಳಬಹುದು. ಆದರೆ ಇನ್ನೊಬ್ಬನಿಗೆ ನಷ್ಟವಾಗುವಂತೆ ಅವನ ಗುರುತನ್ನು ಬಳಸುವಂತಿಲ್ಲ. ಒಬ್ಬ ಜರ್ಮನ್ ರೋಮಿಗೆ ಯಾತ್ರೆ ಬಂದು, ತನ್ನ ಪೂರ್ವಿಕರ ಲಾಂಛನವನ್ನು ಇಟಲಿಯವನೊಬ್ಬ ಧರಿಸಿರುವುದನ್ನು ಕಂಡರೂ ದೂರು ಕೊಡಲಾರ ಎಂದು ಅವನು ಉದಾಹರಿಸುತ್ತಾನೆ. ಅಷ್ಟು ದೂರದಲ್ಲಿ ಬದುಕುವ ಇಬ್ಬರ ನಡುವೆ ಗೊಂದಲವಾಗಲಿ, ನಷ್ಟವಾಗಲಿ ಹುಟ್ಟುವುದಿಲ್ಲ ಎಂಬುದು ಅವನ ವಾದ.

ಒಂದೇ ಓರೆಪಟ್ಟೆ, ಎರಡು ಮನೆತನ

ದೂರದ ಊರಿನವರು ಒಂದೇ ಪಾಳೆಯದಲ್ಲಿ ಎದುರುಬದುರಾದಾಗ ಏನಾಗುತ್ತದೆ ಎಂಬುದನ್ನು 1385ರಲ್ಲಿ ಶುರುವಾದ ವ್ಯಾಜ್ಯ ತೋರಿಸಿತು. ಇಂಗ್ಲೆಂಡಿನ ಎರಡನೆಯ ರಿಚರ್ಡ್ ಆ ವರ್ಷ ಸ್ಕಾಟ್ಲೆಂಡಿನ ಮೇಲೆ ದಂಡೆತ್ತಿ ಹೋದ. ಸೈನ್ಯದಲ್ಲಿದ್ದ ಯಾರ್ಕ್‌ಷೈರಿನ ಸರ್ ರಿಚರ್ಡ್ ಸ್ಕ್ರೋಪ್ ಮತ್ತು ಚೆಷೈರಿನ ಸರ್ ರಾಬರ್ಟ್ ಗ್ರೋವ್ನರ್ ಇಬ್ಬರ ಗುರಾಣಿಯೂ ಒಂದೇ ಆಗಿತ್ತು: ನೀಲಿ ನೆಲ, ಅದರ ಮೇಲೆ ಚಿನ್ನದ ಒಂದು ಓರೆಪಟ್ಟೆ. ಸ್ಕ್ರೋಪ್ ದೂರು ಕೊಟ್ಟ. ಇಂಥ ವಿವಾದಗಳಿಗೆಂದೇ ಇದ್ದ 'ಕೋರ್ಟ್ ಆಫ್ ಶಿವಲ್ರಿ' ವಿಚಾರಣೆಗೆ ತೆಗೆದುಕೊಂಡಿತು.

ವಿಚಾರಣೆ ವರ್ಷಗಟ್ಟಲೆ ನಡೆಯಿತು. ನೂರಾರು ಸಾಕ್ಷಿಗಳ ಹೇಳಿಕೆ ದಾಖಲಾಯಿತು. ರಾಜನ ಚಿಕ್ಕಪ್ಪ ಜಾನ್ ಆಫ್ ಗಾಂಟ್, ಮುಂದೆ ವೇಲ್ಸ್‌ನ ಬಂಡಾಯದ ನಾಯಕನಾಗಲಿದ್ದ ಓವೈನ್ ಗ್ಲಿನ್‌ಡೂರ್ ಇಬ್ಬರೂ ಸಾಕ್ಷಿ ಹೇಳಿದವರಲ್ಲಿದ್ದರು. ಚರ್ಚಿನ ಗಾಜಿನ ಕಿಟಕಿಗಳು, ಸಮಾಧಿಗಳು, ಪಾದ್ರಿಗಳ ಉಡುಪಿನ ಕಸೂತಿಗಳ ಮೇಲೆ ಆ ಓರೆಪಟ್ಟೆ ಎಲ್ಲೆಲ್ಲಿದೆ, ಯಾವ ಯುದ್ಧದಲ್ಲಿ ಯಾರು ಅದನ್ನು ಧರಿಸಿದ್ದರು ಎಂಬ ವಿವರಗಳೇ ಪುರಾವೆಯಾದವು.

ಕವಿ ಜೆಫ್ರಿ ಚಾಸರ್ 1386ರ ಅಕ್ಟೋಬರಿನಲ್ಲಿ ವೆಸ್ಟ್‌ಮಿನ್ಸ್ಟರಿನಲ್ಲಿ ಕೊಟ್ಟ ಹೇಳಿಕೆ ಉಳಿದುಬಂದಿದೆ. ಲಂಡನ್ನಿನ ಫ್ರೈಡೇ ಸ್ಟ್ರೀಟ್‌ನಲ್ಲಿ ನಡೆದುಹೋಗುವಾಗ ಈ ಲಾಂಛನದ ಹೊಸ ಫಲಕ ತೂಗುಹಾಕಿದ್ದನ್ನು ತಾನು ಕಂಡೆ, ಸ್ಕ್ರೋಪ್ ಲಾಂಛನ ಹಾಕಿರುವ ಈ ಛತ್ರ ಯಾವುದು ಎಂದು ವಿಚಾರಿಸಿದೆ, ಇದು ಸ್ಕ್ರೋಪ್‌ರದಲ್ಲ, ಚೆಷೈರಿನ ಗ್ರೋವ್ನರ್‌ರದು ಎಂಬ ಉತ್ತರ ಬಂತು, ಗ್ರೋವ್ನರ್ ಎಂಬ ಹೆಸರು ತನ್ನ ಕಿವಿಗೆ ಬಿದ್ದದ್ದು ಅದೇ ಮೊದಲು ಎಂಬುದು ಅದರ ಸಾರ. ದೇಶ ತಿರುಗಿದ, ದಂಡಿನಲ್ಲಿದ್ದ, ಅರಮನೆ ಬಲ್ಲ ಒಬ್ಬನಿಗೆ ಒಂದು ಲಾಂಛನ ಯಾರ ಹೆಸರನ್ನು ನೆನಪಿಗೆ ತರುತ್ತದೆಯೋ ಅದು ಅವರದು ಎಂಬ ತರ್ಕ ಈ ಸಾಕ್ಷ್ಯದ ಹಿಂದಿದೆ.

1389ರಲ್ಲಿ ತೀರ್ಪು ಸ್ಕ್ರೋಪ್ ಪರವಾಗಿ ಬಂತು. ಬೆಳ್ಳಿಯ ಅಂಚು ಸೇರಿಸಿಕೊಂಡು ಅದೇ ಲಾಂಛನ ಧರಿಸಲು ಗ್ರೋವ್ನರ್‌ಗೆ ಅವಕಾಶ ಕೊಡಲಾಗಿತ್ತು. ಮೇಲ್ಮನವಿ ರಾಜನವರೆಗೆ ಹೋಯಿತು. 1390ರ ಮೇ ತಿಂಗಳಲ್ಲಿ ರಿಚರ್ಡ್ ಆ ಅವಕಾಶವನ್ನೂ ರದ್ದು ಮಾಡಿದ. ಅಂಚು ಸೇರಿಸುವುದು ಒಂದೇ ಮನೆತನದ ಕಿರಿಯ ಶಾಖೆಯವರು ತಮ್ಮನ್ನು ಬೇರೆಯಾಗಿ ತೋರಿಸುವ ಬಗೆ, ಸಂಬಂಧವಿಲ್ಲದ ಇಬ್ಬರ ನಡುವೆ ಅದು ಸಾಕಾಗದು ಎಂಬುದು ಕಾರಣ. ಗ್ರೋವ್ನರ್ ಮನೆತನ ಓರೆಪಟ್ಟೆ ಬಿಟ್ಟು ಚಿನ್ನದ ಗೋಧಿ ಸಿವುಡನ್ನು ಲಾಂಛನವಾಗಿ ಆರಿಸಿಕೊಂಡಿತು. ಸೋಲಿನ ನೆನಪು ಮಾತ್ರ ಮಾಸಲಿಲ್ಲ. ಅದೇ ವಂಶದ ಮೊದಲನೆಯ ವೆಸ್ಟ್‌ಮಿನ್ಸ್ಟರ್ ಡ್ಯೂಕ್‌ನ, 1880ರ ಡರ್ಬಿ ಗೆದ್ದ ಕುದುರೆಯ ಹೆಸರು 'ಬೆಂಡ್ ಆರ್', ಎಂದರೆ ಚಿನ್ನದ ಓರೆಪಟ್ಟೆ.

ದಾಖಲೆ, ತಪಾಸಣೆ, ನೋಂದಣಿ

ಹದಿನೈದನೆಯ ಶತಮಾನದಲ್ಲಿ ಲಾಂಛನದ ಮೇಲೆ ಅರಸರ ಹಿಡಿತ ಬಿಗಿಯಾಯಿತು. ಐದನೆಯ ಹೆನ್ರಿ 1417ರಲ್ಲಿ ಹೊರಡಿಸಿದ ಆಜ್ಞೆಯಂತೆ, ಪೂರ್ವಿಕರಿಂದ ಬಂದಿರದ ಅಥವಾ ಅಧಿಕಾರವುಳ್ಳವರು ಕೊಟ್ಟಿರದ ಲಾಂಛನವನ್ನು ದಂಡಯಾತ್ರೆಯಲ್ಲಿ ಧರಿಸುವಂತಿರಲಿಲ್ಲ. ಆಜಿನ್‌ಕೋರ್ಟ್ ಕಾಳಗದಲ್ಲಿ ಅವನ ಜೊತೆ ಹೋರಾಡಿದವರಿಗೆ ಮಾತ್ರ ವಿನಾಯಿತಿ ಇತ್ತು. 1484ರ ಮಾರ್ಚ್ 2ರಂದು ಮೂರನೆಯ ರಿಚರ್ಡ್ ಹೆರಾಲ್ಡ್‌ಗಳಿಗೆ ಸನದು ಕೊಟ್ಟು ಅವರನ್ನು ಒಂದು ಸಂಸ್ಥೆಯಾಗಿಸಿದ. ಲಂಡನ್ನಿನ 'ಕಾಲೇಜ್ ಆಫ್ ಆರ್ಮ್ಸ್' ಹುಟ್ಟಿದ್ದು ಹೀಗೆ. ಗಾರ್ಟರ್, ಕ್ಲಾರೆನ್ಸೊ, ರೂಜ್ ಡ್ರ್ಯಾಗನ್, ಬ್ಲೂಮ್ಯಾಂಟಲ್ ಮುಂತಾದ ಹಳೆಯ ಪದನಾಮಗಳೊಂದಿಗೆ ಅದು ಇಂದಿಗೂ ಕೆಲಸ ಮಾಡುತ್ತಿದೆ.

1530ರಿಂದ ಹದಿನೇಳನೆಯ ಶತಮಾನದ ಕೊನೆಯ ದಶಕಗಳವರೆಗೆ ಹೆರಾಲ್ಡ್‌ಗಳು ಜಿಲ್ಲೆ ಜಿಲ್ಲೆಗೂ ಹೋಗಿ ತಪಾಸಣೆ ನಡೆಸಿದರು. ಊರಿನ ಗಣ್ಯರು ವಂಶಾವಳಿ, ಹಳೆಯ ಪತ್ರ, ಮುದ್ರೆಗಳನ್ನು ತಂದು ತೋರಿಸಬೇಕಿತ್ತು. ಹಕ್ಕು ಸಾಬೀತಾದವರ ಲಾಂಛನ ಪುಸ್ತಕಕ್ಕೇರುತ್ತಿತ್ತು. ಸಾಬೀತು ಮಾಡಲಾಗದವರ ಹೆಸರನ್ನು ಬಹಿರಂಗವಾಗಿ ಪ್ರಕಟಿಸಲಾಗುತ್ತಿತ್ತು. ಅನಧಿಕೃತ ಲಾಂಛನಗಳನ್ನು ಅಳಿಸಿಹಾಕುವ ಅಧಿಕಾರವೂ ಹೆರಾಲ್ಡ್‌ಗಳಿಗಿತ್ತು. ಸ್ಕಾಟ್ಲೆಂಡಿನಲ್ಲಿ 1672ರ ಕಾಯಿದೆ 'ಲಾರ್ಡ್ ಲಯನ್' ಎಂಬ ಅಧಿಕಾರಿಯ ಕೈಕೆಳಗೆ ಸಾರ್ವಜನಿಕ ಲಾಂಛನ ರಿಜಿಸ್ಟರನ್ನು ಸ್ಥಾಪಿಸಿತು. ಇಂಗ್ಲೆಂಡಿನ ಹಳೆಯ ಕೋರ್ಟ್ ಎರಡು ಶತಮಾನಕ್ಕೂ ಹೆಚ್ಚು ಕಾಲ ನಿದ್ರಿಸಿ 1954ರಲ್ಲಿ ಒಮ್ಮೆ ಸೇರಿತು. ನಗರದ ಲಾಂಛನವನ್ನು ತನ್ನ ಪರದೆಯ ಮೇಲ್ಭಾಗದಲ್ಲೂ ಮುದ್ರೆಯಲ್ಲೂ ಬಳಸಿದ್ದ ರಂಗಮಂದಿರದ ವಿರುದ್ಧ ಮ್ಯಾಂಚೆಸ್ಟರ್ ನಗರಸಭೆ ಹೂಡಿದ ಮೊಕದ್ದಮೆ ಅದು. ಗೆದ್ದದ್ದು ನಗರಸಭೆ.

ಈ ಪದ್ಧತಿ ಭಾರತವನ್ನೂ ಮುಟ್ಟಿತು. 1877ರ ಜನವರಿ 1ರ ದೆಹಲಿ ದರ್ಬಾರಿನಲ್ಲಿ ದೇಶೀ ಅರಸರಿಗೆ ಲಾಂಛನವಿರುವ ಧ್ವಜಗಳನ್ನು ಕೊಡಲಾಯಿತು. ಬಂಗಾಳ ಸಿವಿಲ್ ಸರ್ವಿಸ್‌ನ ರಾಬರ್ಟ್ ಟೇಲರ್ ಅವುಗಳನ್ನು ಯುರೋಪಿನ ಗುರಾಣಿಯ ಚೌಕಟ್ಟಿನಲ್ಲಿ ವಿನ್ಯಾಸ ಮಾಡಿದ. ಆ ಚೌಕಟ್ಟು ಬರುವ ಎಷ್ಟೋ ಮುಂಚೆಯೇ ಇಲ್ಲಿ ರಾಜಲಾಂಛನಗಳಿದ್ದವು. ಬಾದಾಮಿ ಚಾಲುಕ್ಯರ ವರಾಹ ತಾಮ್ರಪಟಗಳ ಮುದ್ರೆಯಲ್ಲಿದೆ. ಮೈಸೂರಿನ ಗಂಡಭೇರುಂಡ ವಿಜಯನಗರದ ಅಚ್ಯುತರಾಯನ ನಾಣ್ಯಗಳಲ್ಲಿದೆ. ಬಳ್ಳಿಗಾವಿಯಲ್ಲಿ 1047ರಲ್ಲಿ ನಿಲ್ಲಿಸಿದ ಕಂಬದ ತುದಿಯಲ್ಲೂ ಅದೇ ಗಂಡಭೇರುಂಡವಿದೆ. ಇವು ಬಹುಮಟ್ಟಿಗೆ ಅರಸುಮನೆತನ ಮತ್ತು ರಾಜ್ಯಗಳ ಗುರುತುಗಳು. ಒಬ್ಬೊಬ್ಬ ಯೋಧನಿಗೂ ಬೇರೆಬೇರೆ ಲಾಂಛನ ಕೊಟ್ಟು ಹೋಲಿಸಿ ನೋಡುವ ಯುರೋಪಿನ ಏರ್ಪಾಡಿಗಿಂತ ಇವುಗಳ ಬಳಕೆ ಬೇರೆಯೇ ಆಗಿತ್ತು.

ಬರ್ಕ್ಲಿಯ ಹಿತ್ತಲಿನಿಂದ

1966ರ ಮೇ 1ರಂದು ಕ್ಯಾಲಿಫೋರ್ನಿಯಾದ ಬರ್ಕ್ಲಿಯಲ್ಲಿ, ಮುಂದೆ ಕಾದಂಬರಿಗಾರ್ತಿಯಾಗಿ ಹೆಸರಾದ ಡಯಾನಾ ಪ್ಯಾಕ್ಸನ್ ಅವರ ಮನೆಯ ಹಿತ್ತಲಿನಲ್ಲಿ ಗೆಳೆಯರ ಗುಂಪೊಂದು ಮಧ್ಯಯುಗದ ಮಾದರಿಯ ಟೂರ್ನಮೆಂಟ್ ನಡೆಸಿತು. ಅಲ್ಲಿಂದ ಬೆಳೆದ 'ಸೊಸೈಟಿ ಫಾರ್ ಕ್ರಿಯೇಟಿವ್ ಅನಾಕ್ರಾನಿಸಂ', ಎಂದರೆ ಎಸ್‌ಸಿಎ, ಇಂದು ಅಮೆರಿಕ, ಕೆನಡಾ, ಯುರೋಪ್, ಆಸ್ಟ್ರೇಲಿಯಾ, ನ್ಯೂಜಿಲೆಂಡುಗಳಲ್ಲಿ ಹರಡಿದೆ. ತನ್ನ ಪ್ರದೇಶಗಳನ್ನು ಅದು 'ರಾಜ್ಯ'ಗಳೆಂದು ಕರೆಯುತ್ತದೆ. ಸದಸ್ಯರು 1600ಕ್ಕೆ ಹಿಂದಿನ ಬಟ್ಟೆ, ಅಡುಗೆ, ಸಂಗೀತ, ಕರಕುಶಲಗಳನ್ನು ಅಧ್ಯಯನ ಮಾಡಿ ತಾವೇ ಮಾಡುತ್ತಾರೆ, ಕವಚ ತೊಟ್ಟು ಬೆತ್ತದ ಕತ್ತಿ ಹಿಡಿದು ಕಾದುತ್ತಾರೆ. ಪ್ರತಿಯೊಬ್ಬರೂ ಆ ಕಾಲಕ್ಕೆ ಒಪ್ಪುವ ಹೆಸರನ್ನು ಇಟ್ಟುಕೊಳ್ಳುತ್ತಾರೆ. ಲಾಂಛನವನ್ನೂ ಮಾಡಿಕೊಳ್ಳಬಹುದು.

ಇವೆರಡನ್ನೂ ಪರಿಶೀಲಿಸಲು ಸಂಘದಲ್ಲಿ ಸ್ವಯಂಸೇವಕ ಹೆರಾಲ್ಡ್‌ಗಳ ಮಂಡಳಿ ಇದೆ. ಅದರ ಮುಖ್ಯಸ್ಥರ ಪದನಾಮ 'ಲಾರೆಲ್'. ಹೆಸರುಗಳ ತೀರ್ಮಾನ 'ಪೆಲಿಕನ್' ಅವರದು, ಲಾಂಛನಗಳದ್ದು 'ರೆತ್' ಅವರದು. ಅರ್ಜಿ ಮೊದಲು ಸ್ಥಳೀಯ ಹೆರಾಲ್ಡ್ ಕೈಸೇರಿ, ಅಲ್ಲಿಂದ ರಾಜ್ಯದ ಹೆರಾಲ್ಡ್‌ಗಳಿಗೆ ಹೋಗುತ್ತದೆ. ಅವರು ಅದನ್ನು ಎಲ್ಲ ರಾಜ್ಯಗಳ ಹೆರಾಲ್ಡ್‌ಗಳ ಮುಂದಿಡುತ್ತಾರೆ. ಅವರೆಲ್ಲ ಪುರಾವೆ ಹುಡುಕಿ, ತಕರಾರು ಇದ್ದರೆ ತಿಳಿಸಿ, ಒಪ್ಪಿಗೆಗೆ ಕಾರಣ ಕೊಟ್ಟ ಮೇಲೆ ತೀರ್ಮಾನವಾಗುತ್ತದೆ. ತಿಂಗಳಿಗೊಮ್ಮೆ ಪ್ರಕಟವಾಗುವ ತೀರ್ಮಾನಪತ್ರದಲ್ಲಿ ಒಪ್ಪಿದವು, ಹಿಂದಿರುಗಿಸಿದವು, ತಡೆಹಿಡಿದವು ಎಲ್ಲವೂ ಕಾರಣ ಸಮೇತ ಇರುತ್ತವೆ. ಕೋರ್ಟಿನ ತೀರ್ಪುಗಳಂತೆ ಅವು ಮುಂದಿನ ಅರ್ಜಿಗಳಿಗೆ ಪೂರ್ವನಿದರ್ಶನವಾಗುತ್ತವೆ.

ಅರಸರ ಹೆರಾಲ್ಡ್‌ಗಳು ಕೇಳುತ್ತಿದ್ದ ಮುಖ್ಯ ಪ್ರಶ್ನೆ ಇದು ಯಾರದು ಎಂಬುದು. ಮರುಸೃಷ್ಟಿಯ ಹೆರಾಲ್ಡ್‌ಗಳು ಅದರ ಜೊತೆಗೆ ಇನ್ನೊಂದು ಪ್ರಶ್ನೆ ಕೇಳಬೇಕಾಯಿತು: ಇದು ಆ ಕಾಲದಲ್ಲಿ ಇರಬಹುದಾಗಿತ್ತೇ? ಹದಿನಾಲ್ಕನೆಯ ಶತಮಾನದವನು ತನ್ನ ಕಾಲದಲ್ಲೇ ಬದುಕಿದ್ದರಿಂದ ಅವನನ್ನು ಯಾರೂ ಹಾಗೆ ಕೇಳಬೇಕಾಗಿರಲಿಲ್ಲ. ಈ ಎರಡನೆಯ ಪ್ರಶ್ನೆಯೇ ಹವ್ಯಾಸಿಗಳ ಕೆಲಸವನ್ನು ಸಂಶೋಧನೆಯ ದಾರಿಗೆ ತಂದಿತು.

ಹೆಸರಿಗೆ ಪುರಾವೆ

ಸಂಘದ ಈಗಿನ ನಿಯಮಾವಳಿ 2012ರಿಂದ ಜಾರಿಯಲ್ಲಿದೆ. ಅದರ ಪ್ರಕಾರ ವ್ಯಕ್ತಿಯ ಹೆಸರಿನಲ್ಲಿ ಕನಿಷ್ಠ ಎರಡು ಭಾಗ ಇರಬೇಕು: ಇಟ್ಟ ಹೆಸರು ಮತ್ತು ತಂದೆಯ, ಊರಿನ, ಕಸುಬಿನ ಅಥವಾ ಲಕ್ಷಣದ ಆಧಾರದ ಎರಡನೆಯ ಹೆಸರು. ಪ್ರತಿ ಭಾಗಕ್ಕೂ ಕಾಲ ಮತ್ತು ಸ್ಥಳ ಹೇಳುವ ಪುರಾವೆ ಬೇಕು. ಎರಡೂ ಭಾಗಗಳು ಒಂದೇ ಪ್ರದೇಶದ ಹೆಸರುಗಳ ಗುಂಪಿನವಾದರೆ ಅವುಗಳ ಕಾಲಗಳ ನಡುವಿನ ಅಂತರ 500 ವರ್ಷಗಳ ಒಳಗಿರಬೇಕು. ಒಡನಾಟವಿದ್ದ ಎರಡು ಪ್ರದೇಶಗಳ ಹೆಸರುಗಳನ್ನು ಕೂಡಿಸುವುದಾದರೆ 300 ವರ್ಷಗಳ ಒಳಗೆ. ಪಿ. ಎಚ್. ರೀನಿಯವರ ಇಂಗ್ಲಿಷ್ ಮನೆತನದ ಹೆಸರುಗಳ ನಿಘಂಟಿನಂಥ ವಿಶ್ವಾಸಾರ್ಹ ಗ್ರಂಥಗಳಿಂದ ತಂದ ಪುರಾವೆಗೆ ಪುಟದ ನಕಲು ಲಗತ್ತಿಸಬೇಕಿಲ್ಲ. ಮಕ್ಕಳಿಗೆ ಹೆಸರಿಡಲು ಮಾರುವ ಪುಸ್ತಕಗಳು ಪುರಾವೆಯಾಗುವುದಿಲ್ಲ. ಅವು ಹೆಸರಿನ ಅರ್ಥ ಹೇಳುತ್ತವೆ, ಯಾವ ವರ್ಷ ಯಾರು ಇಟ್ಟುಕೊಂಡಿದ್ದರು ಎಂದು ಹೇಳುವುದಿಲ್ಲ.

ಹತ್ತನೆಯ ಶತಮಾನದ ಹೆಣ್ಣಿನ ಪಾತ್ರಕ್ಕೆ 'ಫಿಯೋನಾ ಎರಿಕ್ಸನ್' ಎಂಬ ಹೆಸರು ಬಂತು ಎಂದುಕೊಳ್ಳಬಹುದು. ಕೇಳಲು ಹಳೆಯದಾಗಿ ತೋರುವ ಇದರ ಎರಡು ಭಾಗಗಳೂ ನಿಲ್ಲುವುದಿಲ್ಲ. ಫಿಯೋನಾ ಹದಿನೆಂಟನೆಯ ಶತಮಾನದ ಜೇಮ್ಸ್ ಮ್ಯಾಕ್‌ಫರ್ಸನ್‌ನ ಬರಹಗಳಿಂದ ಬಂದು, ಹತ್ತೊಂಬತ್ತನೆಯ ಶತಮಾನದ ಕೊನೆಗೆ ವಿಲಿಯಂ ಶಾರ್ಪ್ ತನ್ನ ಕಾವ್ಯನಾಮದಲ್ಲಿ ಬಳಸಿದ ಮೇಲೆ ಜನಪ್ರಿಯವಾದ ಹೆಸರು. ಹಳೆಯ ನಾರ್ಸ್ ಭಾಷೆಯಲ್ಲಿ 'ಸನ್' ಮಗನಿಗೆ, 'ದೋತ್ತಿರ್' ಮಗಳಿಗೆ. ಎರಿಕ್‌ನ ಮಗಳು ಎರಿಕ್‌ನ ಮಗನೆಂದು ಕರೆಸಿಕೊಳ್ಳಲಾರಳು. ಐರಿಷ್ ಗೇಲಿಕ್ಕಿನಲ್ಲೂ ಹೀಗೆಯೇ ಮಗಳಿಗೆ ಬೇರೆ ರೂಪವಿದೆ. ಇಂಗ್ಲೆಂಡಿನಲ್ಲಾದರೋ ಮಧ್ಯಯುಗದ ಕೊನೆಗೆ ಮನೆತನದ ಹೆಸರುಗಳು ಗಟ್ಟಿಯಾಗಿದ್ದರಿಂದ ಆಗ್ನೆಸ್ ಜಾನ್ಸನ್ ಎಂಬ ಹೆಂಗಸು ಇರಬಹುದಿತ್ತು. ಒಳ್ಳೆಯ ಹೆರಾಲ್ಡ್ ಅರ್ಜಿಯನ್ನು ತಿರಸ್ಕರಿಸಿ ಸುಮ್ಮನಾಗುವುದಿಲ್ಲ. ಫಿಯೋನಾಗೆ ಹತ್ತಿರವಾಗಿ ಕೇಳಿಸುವ, ಮಧ್ಯಯುಗದ ಐರ್ಲೆಂಡಿನಲ್ಲಿ ಚೆನ್ನಾಗಿ ಬಳಕೆಯಲ್ಲಿದ್ದ ಫಿನ್‌ಗುವಾಲ ಎಂಬ ಹೆಸರನ್ನು ಸೂಚಿಸಿ, ಅದಕ್ಕೆ ಹೊಂದುವ ಐರಿಷ್ ತಂದೆಯ ಹೆಸರನ್ನೂ ಹುಡುಕಿಕೊಡುತ್ತಾರೆ.

ಕಿವಿಯನ್ನು ನಂಬಿದರೆ ಎಡವುವುದು ಖಚಿತ. ವೆನೆಸ್ಸಾ ಹಳೆಯದೆನ್ನಿಸಿದರೂ ಅದು ಜೋನಾಥನ್ ಸ್ವಿಫ್ಟ್ ಕಟ್ಟಿದ ಹೆಸರು, ಅದಿರುವ ಕವಿತೆ ಅಚ್ಚಾದದ್ದು 1726ರಲ್ಲಿ. ವೆಂಡಿ ಮನೆಮಾತಾದದ್ದು 1904ರ 'ಪೀಟರ್ ಪ್ಯಾನ್' ನಾಟಕದಿಂದ. ಟಿಫನಿ ತೀರ ಇತ್ತೀಚಿನದೆಂದು ತೋರುತ್ತದೆ, ಆದರೆ ಥಿಯೊಫಾನಿಯಾದಿಂದ ಬಂದ ಅದು ಜನವರಿ 6ರ ಎಪಿಫನಿ ಹಬ್ಬದ ಸುಮಾರಿಗೆ ಹುಟ್ಟಿದ ಹೆಣ್ಣುಮಕ್ಕಳಿಗೆ ಮಧ್ಯಯುಗದ ಫ್ರಾನ್ಸ್ ಮತ್ತು ಇಂಗ್ಲೆಂಡುಗಳಲ್ಲಿ ಇಡುತ್ತಿದ್ದ ಹೆಸರು. ದಾಖಲೆ ನೋಡದೆ ಯಾವ ಹೆಸರನ್ನೂ ಒಪ್ಪುವಂತಿಲ್ಲ, ತಳ್ಳಿಹಾಕುವಂತೆಯೂ ಇಲ್ಲ.

ಕಾಲದ ಪರೀಕ್ಷೆ ಮುಗಿದ ಮೇಲೆ ಹಕ್ಕಿನ ಪರೀಕ್ಷೆ. ಈಗಾಗಲೇ ನೋಂದಾಯಿಸಿದ ಹೆಸರಿಗೆ ತೀರ ಹತ್ತಿರವಾದದ್ದು ಬೇಡ. ಜೋನ್ ಆಫ್ ಆರ್ಕ್‌ನಂಥ ಐತಿಹಾಸಿಕ ವ್ಯಕ್ತಿಗಳ ಹೆಸರೂ ಬೇಡ. ಸಂಘದಲ್ಲಿ ಗಳಿಸಿರದ 'ಸರ್', 'ಕೌಂಟ್' ಮೊದಲಾದ ಪದವಿಗಳು ಹೆಸರಿನೊಳಗೆ ನುಸುಳುವಂತಿಲ್ಲ.

ಲಾಂಛನದ ಪರೀಕ್ಷೆ

ಲಾಂಛನ ಹುಡುಕಲು ಎರಡು ಬಗೆಯ ಸೂಚಿ ಬೇಕು. ವ್ಯಕ್ತಿಯ ಹೆಸರಿನಿಂದ ಲಾಂಛನ ತಿಳಿಯುವುದು ಒಂದು, ಆಕೃತಿಯಿಂದ ಒಡೆಯನನ್ನು ತಿಳಿಯುವುದು ಇನ್ನೊಂದು. ಬ್ರಿಟನ್ನಿನ ಲಾಂಛನಗಳಿಗೆ ಎರಡನೆಯ ಬಗೆಯ ದೊಡ್ಡ ಸೂಚಿಯನ್ನು ಜಾನ್ ವುಡಿ ಪ್ಯಾಪ್‌ವರ್ತ್ ಶುರುಮಾಡಿದ. ಅವನು ತೀರಿಕೊಂಡ ಮೇಲೆ ಆಲ್ಫ್ರೆಡ್ ಮೊರಾಂಟ್ ಅದನ್ನು ಪೂರ್ಣಗೊಳಿಸಿ, 1874ರಲ್ಲಿ ಪುಸ್ತಕ ಹೊರಬಂತು. ಎಸ್‌ಸಿಎ ಹೆರಾಲ್ಡ್‌ಗಳು ತಮ್ಮ ನೋಂದಣಿಗಳಿಗೂ ಇದೇ ಬಗೆಯ ಎರಡು ಸೂಚಿಗಳನ್ನು ಇಟ್ಟಿದ್ದಾರೆ.

ಹೋಲಿಕೆಯ ಲೆಕ್ಕ ಹೀಗಿದೆ. ಚಿನ್ನದ ನೆಲದ ಮೇಲೆ ಕೆಂಪು ಸಿಂಹ ಒಬ್ಬರ ಹೆಸರಿನಲ್ಲಿದೆ. ಹೊಸಬರು ಚಿನ್ನದ ನೆಲದ ಮೇಲೆ ಅದೇ ಭಂಗಿಯ ನೀಲಿ ಸಿಂಹ ಕೇಳಿದರೆ ಒಂದೇ ವ್ಯತ್ಯಾಸವಾಗುತ್ತದೆ, ಸಾಲದು. ಸುತ್ತ ನೀಲಿ ಅಂಚು ಸೇರಿಸಿದರೆ ಎರಡು ವ್ಯತ್ಯಾಸವಾಗಿ ದಾಟುತ್ತದೆ. ಸಿಂಹದ ಬದಲು ಮರವನ್ನೇ ಇಟ್ಟರೆ ಮುಖ್ಯ ಆಕೃತಿಯೇ ಬೇರೆಯಾದ್ದರಿಂದ ಅದೊಂದೇ ಸಾಕು. ಒಂದು ವ್ಯತ್ಯಾಸ ಸಾಲದೆನ್ನುವ ನಿಯಮದ ಹಿಂದೆ ಮಧ್ಯಯುಗದ ರೂಢಿಯೇ ಇದೆ. ಅಂದಿನ ಕಣ್ಣಿಗೆ ಒಂದು ಬದಲಾವಣೆ ಎಂದರೆ ಅಣ್ಣತಮ್ಮಂದಿರ, ತಂದೆಮಕ್ಕಳ ನಡುವಿನ ಬದಲಾವಣೆ. ಗ್ರೋವ್ನರ್‌ನ ಬೆಳ್ಳಿಯ ಅಂಚನ್ನು ಎರಡನೆಯ ರಿಚರ್ಡ್ ಒಪ್ಪದಿದ್ದದ್ದೂ ಇದೇ ಕಾರಣಕ್ಕೆ. ಮೊದಲೇ ನೋಂದಾಯಿಸಿದವರು ಬರವಣಿಗೆಯಲ್ಲಿ ಒಪ್ಪಿಗೆ ಕೊಟ್ಟರೆ ಹತ್ತಿರದ ಹೋಲಿಕೆಯನ್ನೂ ಬಿಡಬಹುದು.

ಶೈಲಿಯ ಪರೀಕ್ಷೆಯಲ್ಲಿ ಲೋಹ ಮತ್ತು ಬಣ್ಣದ ಹಳೆಯ ನಿಯಮ ಮೊದಲು ಬರುತ್ತದೆ. ನೀಲಿ ನೆಲದ ಮೇಲೆ ಹಸಿರು ಮರ ಹಿಂದಿರುಗುತ್ತದೆ, ಬೆಳ್ಳಿಯ ನೆಲದ ಮೇಲಾದರೆ ನಿಲ್ಲುತ್ತದೆ. ಬಣ್ಣಗಳ ಸಂಖ್ಯೆಯನ್ನೂ ಆಕೃತಿಗಳ ಬಗೆಗಳ ಸಂಖ್ಯೆಯನ್ನೂ ಕೂಡಿಸಿದರೆ ಎಂಟನ್ನು ಮೀರದಿರುವುದು ವಾಡಿಕೆ. ಮಧ್ಯಯುಗದ ಲಾಂಛನಗಳಲ್ಲಿ ಹೆಚ್ಚಿನವು ಇದಕ್ಕಿಂತ ಎಷ್ಟೋ ಸರಳ. ತಮ್ಮ ಇಷ್ಟದ ವಸ್ತುಗಳನ್ನೆಲ್ಲ ಒಂದೇ ಗುರಾಣಿಯಲ್ಲಿ ತುಂಬಲು ಹೊರಟವರಿಗೆ ಹೆರಾಲ್ಡ್‌ಗಳು ಹೇಳಬೇಕಾದ ಮುಖ್ಯ ಮಾತು ಇದೇ.

ಕೆಲವು ಗುರುತುಗಳಿಗೆ ಪೂರ್ತಿ ನಿಷೇಧವಿದೆ. ಬಿಳಿಯ ಮೇಲೆ ತುಂಡು ತೋಳುಗಳ ಕೆಂಪು ಶಿಲುಬೆ ರೆಡ್‌ಕ್ರಾಸ್ ಸಂಸ್ಥೆಯದು. ಅಂತಾರಾಷ್ಟ್ರೀಯ ಒಪ್ಪಂದಗಳು ಅದನ್ನು ಕಾಯುತ್ತವೆ. ಸ್ವಸ್ತಿಕ ಮಧ್ಯಯುಗದ ಯುರೋಪಿನಲ್ಲೂ ಇತ್ತು, ಭಾರತದಲ್ಲಿ ಇಂದಿಗೂ ಮಂಗಳದ ಗುರುತು. ಆದರೂ ನಾಜಿಗಳು ಅದರ ಹೆಸರಿನಲ್ಲಿ ನಡೆಸಿದ ಹತ್ಯೆಗಳ ನೆನಪು ಹಸಿಯಾಗಿರುವ ಸಮಾಜಗಳಲ್ಲಿ ಅದನ್ನು ನೋಂದಾಯಿಸುವುದಿಲ್ಲ. ಆ ಕಾಲದಲ್ಲಿ ಇತ್ತು ಎಂಬ ಪುರಾವೆ ಇದ್ದರೂ, ಇಂದು ಎದುರು ನಿಲ್ಲುವವರಿಗೆ ನೋವಾಗಬಾರದೆಂಬ ಕಾಳಜಿಗೆ ಇಲ್ಲಿ ಹೆಚ್ಚು ತೂಕ.

ಈ ಕೆಲಸಕ್ಕೆ ಸಂಬಳವಿಲ್ಲ, ಕಾನೂನಿನ ಬಲವೂ ಇಲ್ಲ. ಸಂಘದ ನೋಂದಣಿಗೆ ಸಂಘದೊಳಗಷ್ಟೇ ಬೆಲೆ. ಆದರೆ ಅದಕ್ಕಾಗಿ ಹೆರಾಲ್ಡ್‌ಗಳು ತೆರಿಗೆ ಪಟ್ಟಿಗಳು, ಚರ್ಚಿನ ದಾಖಲೆಗಳು, ಮುದ್ರೆಗಳು, ಹಳೆಯ ಲಾಂಛನ ಸುರುಳಿಗಳನ್ನು ಸೋಸಿ ಹೆಸರುಗಳ ಪಟ್ಟಿಗಳನ್ನು ಕಟ್ಟಿದ್ದಾರೆ. ಅರಸರು, ಸಂತರು ಮತ್ತು ಸೇನಾನಿಗಳ ಹೆಸರು ಚರಿತ್ರೆಯ ಪುಸ್ತಕಗಳಲ್ಲಿ ಸುಲಭವಾಗಿ ಸಿಗುತ್ತವೆ. ತೆರಿಗೆ ಕಟ್ಟಿದ ನೇಕಾರ, ಮದುವೆಯ ದಾಖಲೆಯಲ್ಲಿ ಒಮ್ಮೆ ಮಾತ್ರ ಬರುವ ಹೆಂಗಸು, ಊರಿನ ಹೆಸರಿನಿಂದಲೇ ಗುರುತಾದ ಆಳು, ಇವರೆಲ್ಲ ಈ ಪಟ್ಟಿಗಳಲ್ಲಿ ಕಾಲ ಮತ್ತು ಸ್ಥಳ ಸಮೇತ ಸಿಗುತ್ತಾರೆ.